ಸೂಜಿಯ ಆಚೆ ಮಾಯವಾಗುವ ದಾರ: ತಲೆಬುರುಡೆಯ ತಳದ ಹುಟ್ಟುದೋಷದ ಒಂದು ಪ್ರಕರಣ

"ಸೂಜಿಗೆ ದಾರ ಪೋಣಿಸೋಕೆ ಆಗ್ತಿಲ್ಲ ಸಾರ್." ಹುಡುಗಿ ಹೇಳಿಕೊಂಡ ತೊಂದರೆ ಇಷ್ಟೇ.

ವಯಸ್ಸು 24. ನಲವತ್ತು ದಾಟಿದವರು ಇದೇ ಮಾತು ಹೇಳಿಕೊಂಡು ದಿನಾ ಬರುತ್ತಾರೆ. ಹತ್ತಿರದ ಕನ್ನಡಕ ಕೊಟ್ಟರೆ ಮುಗಿಯಿತು. 24ರಲ್ಲಿ ಈ ಮಾತು ಬಂದರೆ ಮಾತ್ರ ಸ್ವಲ್ಪ ಕೂತು ಕೇಳಬೇಕು. ಇವಳ ಹತ್ತಿರ ಆಗಲೇ ಪ್ಲಸ್ 1ರ ಕನ್ನಡಕ ಒಂದಿತ್ತು, ಬೇರೆ ಕಡೆ ಮಾಡಿಸಿದ್ದು. "ಹಾಕ್ಕೊಂಡ್ರೂ ಅಷ್ಟೇ, ತೆಗೆದಿಟ್ರೂ ಅಷ್ಟೇ" ಅಂದಳು.

ನಾನು ಆಪ್ಟೊಮೆಟ್ರಿಸ್ಟ್. ಮಧ್ಯ ಕರ್ನಾಟಕದ ತಾಲ್ಲೂಕು ಊರೊಂದರ ಕಣ್ಣಿನ ಕ್ಲಿನಿಕ್ಕಿನಲ್ಲಿ ನಂಬರ್ ತೆಗೆಯುವುದು, ನೇರ ನೋಡುವಾಗ ಸುತ್ತ ಎಷ್ಟು ಕಾಣುತ್ತದೆ ಅಂತ ಅಳೆಯುವ ಫೀಲ್ಡ್ ಟೆಸ್ಟ್ ಮಾಡುವುದು ನನ್ನ ಕೆಲಸ. ಡಾಕ್ಟರ್ ಅಲ್ಲ ಅಂತ ಎಷ್ಟು ಸಲ ಹೇಳಿದರೂ ಜನ ಡಾಕ್ಟ್ರೇ ಅಂತಲೇ ಕರೆಯುತ್ತಾರೆ. ಹುಡುಗಿಯ ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಹೊಲಿಗೆ ಅವಳ ಕಸುಬು. ಐದು ವರ್ಷ ಮಷೀನಿನ ಮೇಲೆ ಬ್ಲೌಸ್ ಹೊಲಿದಿದ್ದಾಳೆ, ಏನೂ ತೊಂದರೆ ಇರಲಿಲ್ಲ. ಎಂಟು ತಿಂಗಳ ಹಿಂದೆ ಆರಿ ವರ್ಕ್ ಕಲಿಯೋಕೆ ಸೇರಿದಳು. ಚೌಕಟ್ಟಿಗೆ ಬಟ್ಟೆ ಬಿಗಿದು, ಕೊಕ್ಕೆ ಸೂಜಿಯಲ್ಲಿ ಜರಿ, ಮಣಿ, ಕುಂದನ್ ಕೂರಿಸುವ ಕೆಲಸ. ಮದುವೆ ಸೀಸನ್ನಿನಲ್ಲಿ ಒಂದು ಬ್ಲೌಸಿಗೆ ಸಾವಿರಗಟ್ಟಲೆ ಸಿಗುತ್ತದೆ. ಅಲ್ಲಿ ಶುರುವಾಯಿತು ಗೋಳು. ಉಳಿದ ಹುಡುಗಿಯರು ಹತ್ತು ಮಣಿ ಪೋಣಿಸುವಷ್ಟರಲ್ಲಿ ಇವಳದು ಎರಡು. "ಸೂಜಿ ನೋಡಿದ್ರೆ ದಾರ ಇರಲ್ಲ. ದಾರ ನೋಡಿದ್ರೆ ಸೂಜಿ ಎರಡಾಗುತ್ತೆ." ಈ ವಾಕ್ಯವನ್ನು ನಾನು ಕಾರ್ಡಿನಲ್ಲಿ ಹಾಗೇ ಬರೆದುಕೊಂಡೆ. ಯಾಕೆ ಬರೆದೆ ಅಂತ ಆಗ ಗೊತ್ತಿರಲಿಲ್ಲ. ವಿಚಿತ್ರವಾಗಿದೆ ಅನ್ನಿಸಿತು, ಅಷ್ಟೇ.

ಅರ್ಧ ಸಾಲು

ಗೋಡೆಯ ಚಾರ್ಟಿನಲ್ಲಿ ಕನ್ನಡ ಅಕ್ಷರ. ಎಡಗಣ್ಣು ಮುಚ್ಚಿಸಿ ಬಲಗಣ್ಣಲ್ಲಿ ಓದಿಸಿದೆ. ಕೊನೆಯ ಸಾಲಿನವರೆಗೂ ಬಂದಳು, 6/6, ಅಂದರೆ ಸರಿಯಾದ ನೋಟ. ಆದರೆ ಪ್ರತಿ ಸಾಲಿನಲ್ಲೂ ಮೊದಲ ಎರಡು ಮೂರು ಅಕ್ಷರ ಓದಿ ನಿಲ್ಲುತ್ತಿದ್ದಳು. "ಇನ್ನೂ ಇದೆಯಲ್ಲಮ್ಮ" ಅಂದರೆ ಮುಖ ಒಂಚೂರು ಬಲಕ್ಕೆ ತಿರುಗಿಸಿ ಮಿಕ್ಕಿದ್ದನ್ನು ಓದುತ್ತಿದ್ದಳು. ಬಲಗಣ್ಣು ಮುಚ್ಚಿಸಿದೆ. ಎಡಗಣ್ಣು ಮಂದ, 6/18. ಈಗ ಉಲ್ಟಾ. ಸಾಲಿನ ಮೊದಲು ಬಿಟ್ಟು ನಡುವಿನಿಂದ ಶುರು ಮಾಡಿದಳು.

ಅವಸರದಲ್ಲಿದ್ದರೆ "ಗಮನ ಇಟ್ಟು ಓದಮ್ಮ" ಅಂತ ರೇಗಿಬಿಡುತ್ತಿದ್ದೆ. ಹಾಗೆ ರೇಗಿದ ದಿನಗಳೂ ಇವೆ, ಸುಳ್ಳು ಹೇಳುವುದಿಲ್ಲ.

ಅವಳ ಚೀಲದಲ್ಲಿ ಮಣಿಯ ಡಬ್ಬಿ ಇತ್ತು. ಅದರಿಂದ ಒಂದು ದೊಡ್ಡ ಕೆಂಪು ಮಣಿ ತೆಗೆದು ಗುಂಡುಪಿನ್ನಿಗೆ ಸಿಕ್ಕಿಸಿದೆ. ಎದುರು ಬದುರು ಕೂತು, ಅವಳ ಎಡಗಣ್ಣು ಮುಚ್ಚಿಸಿ, ನನ್ನ ಕಣ್ಣನ್ನೇ ನೋಡು ಅಂತ ಹೇಳಿ, ಮಣಿಯನ್ನು ಅವಳ ಬಲಗಡೆಯಿಂದ ಮೆಲ್ಲಗೆ ಒಳಗೆ ತಂದೆ. ಕಿವಿಯ ನೇರ, ಇಲ್ಲ. ಕೆನ್ನೆಯ ನೇರ, ಇಲ್ಲ. ನೋಟದ ನಡುಗೆರೆಯ ಹತ್ತಿರ ಬಂದಾಗ "ಏನೋ ಬಂತು" ಅಂದಳು. ಕೆಂಪಾ? "ಇಲ್ಲ ಸಾರ್, ಹುಣಸೆ ಬೀಜದ ಬಣ್ಣ." ಗೆರೆ ದಾಟಿದ ತಕ್ಷಣ, "ಹಾಂ, ಈಗ ಕೆಂಪು." ಎಡಗಣ್ಣಿಗೆ ಎಡಗಡೆಯಿಂದ ತಂದೆ. ಅದೇ ಕಥೆ, ಅದೇ ಗೆರೆ.

ನೇರ ನೋಡುತ್ತಿರುವಾಗ ಒಂದು ಕಣ್ಣಿಗೆ ಹೊರಗಡೆ, ಅಂದರೆ ಕಿವಿಯ ಕಡೆಗೆ, 90 ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಕಾಣುತ್ತದೆ. ಮೂಗಿನ ಕಡೆಗೆ ಸುಮಾರು 60. ಇದೇ ದೃಷ್ಟಿ ಕ್ಷೇತ್ರ. ಇವಳಿಗೆ ಎರಡೂ ಕಣ್ಣಿನಲ್ಲಿ ಹೊರಗಿನ ಅರ್ಧವೇ ಇರಲಿಲ್ಲ.

ಹಾಗಿದ್ದರೆ 24 ವರ್ಷ ಹೇಗೆ ಓಡಾಡಿದಳು? ಇದು ಎಲ್ಲರೂ ಕೇಳುವ ಪ್ರಶ್ನೆ. ಎರಡೂ ಕಣ್ಣು ತೆರೆದಾಗ ಬಲಗಣ್ಣು ಎಡಭಾಗವನ್ನು ನೋಡಿಕೊಳ್ಳುತ್ತದೆ, ಎಡಗಣ್ಣು ಬಲಭಾಗವನ್ನು ನೋಡಿಕೊಳ್ಳುತ್ತದೆ. ಎರಡು ಅರ್ಧ ಸೇರಿ ಮುಂದಿನ 120 ಡಿಗ್ರಿ ಕಾಣುತ್ತದೆ. ಕಡಿಮೆ ಬೀಳುವುದು ಎರಡೂ ಅಂಚಿನ ಪಟ್ಟಿ ಮಾತ್ರ. ಅದನ್ನು ಕತ್ತು ತಿರುಗಿಸಿ ಸರಿದೂಗಿಸಬಹುದು. ಅದಕ್ಕಿಂತ ದೊಡ್ಡ ಮಾತು, ಹುಟ್ಟಿದಾಗಿನಿಂದ ಇಲ್ಲದ್ದು ಕಪ್ಪಾಗಿ ಕಾಣುವುದಿಲ್ಲ. ಅದು ಸುಮ್ನೆ ಇಲ್ಲ. ನಿಮ್ಮ ತಲೆಯ ಹಿಂದೆ ಏನು ಕಾಣುತ್ತಿದೆ ಅಂತ ಕೇಳಿದರೆ ಕತ್ತಲೆ ಅನ್ನುತ್ತೀರಾ? ಹಾಗೆ. ಅದಕ್ಕೇ ಇಂಥವರು "ಪಕ್ಕ ಕಾಣಲ್ಲ" ಅಂತ ಬರುವುದಿಲ್ಲ. ಸೂಜಿ ಅಂತ ಬರುತ್ತಾರೆ, ಮೆಟ್ಟಿಲು ಅಂತ ಬರುತ್ತಾರೆ, ಬ್ಯಾಡ್ಮಿಂಟನ್ ಆಡೋಕೆ ಬರಲ್ಲ ಅಂತ ಬರುತ್ತಾರೆ.

ಸೂಜಿಯ ವಿಷಯ ಅರ್ಥವಾಗಬೇಕೆಂದರೆ ನೀವೇ ಒಂದು ಸಲ ಮಾಡಿ ನೋಡಿ. ಪೆನ್ನೊಂದನ್ನು ಮುಖದ ಮುಂದೆ ಒಂದಡಿ ದೂರದಲ್ಲಿ ಹಿಡಿದು ಅದರ ತುದಿಯನ್ನೇ ನೋಡಿ. ಅದರ ಹಿಂದೆ ಗೋಡೆಯ ಮೇಲಿರುವ ಗಡಿಯಾರ ಎರಡಾಗಿ ಕಾಣುತ್ತದೆ, ಪೆನ್ನಿನ ಆ ಕಡೆ ಒಂದು, ಈ ಕಡೆ ಒಂದು. ಬಲಗಡೆ ಕಾಣುವುದು ಬಲಗಣ್ಣಿನದು, ಎಡಗಡೆಯದು ಎಡಗಣ್ಣಿನದು. ಅಂದರೆ ಎರಡೂ ಬಿಂಬ ಆಯಾ ಕಣ್ಣಿನ ಹೊರ ಅರ್ಧದಲ್ಲಿ ಬೀಳುತ್ತವೆ. ಇವಳಿಗೆ ಆ ಎರಡೂ ಅರ್ಧ ಇಲ್ಲ. ಹಾಗಾಗಿ ಇವಳು ಪೆನ್ನು ನೋಡಿದರೆ ಗಡಿಯಾರವೇ ಮಾಯ. ಸೂಜಿಯ ಕಣ್ಣನ್ನು ನೋಡಿದರೆ ಅದರ ಆಚೆ ಹಿಡಿದ ದಾರ ಮಾಯ. ದಾರ ನೋಡಿದರೆ ಈಚೆ ಇರುವ ಸೂಜಿ ಮಾತ್ರ ಎಲ್ಲರಿಗೂ ಆಗುವ ಹಾಗೆ ಎರಡಾಗುತ್ತದೆ. ಅವಳು ಹೇಳಿದ ಎರಡು ವಾಕ್ಯದಲ್ಲಿ ಪೂರ್ತಿ ರೋಗನಿರ್ಣಯ ಇತ್ತು. ಮಷೀನ್ ಹೊಲಿಗೆಯಲ್ಲಿ ಸೂಜಿ, ಬಟ್ಟೆ ಎರಡೂ ಒಂದೇ ಮಟ್ಟದಲ್ಲಿರುತ್ತವೆ, ಅದಕ್ಕೇ ಐದು ವರ್ಷ ಗೊತ್ತಾಗಲಿಲ್ಲ.

ಯಂತ್ರವನ್ನು ನಂಬಬಾರದ ಒಂದು ಜಾಗ

ದೃಷ್ಟಿ ಕ್ಷೇತ್ರ ಅಳೆಯುವ ಹಂಫ್ರಿ ಯಂತ್ರದಲ್ಲಿ 24-2 ಅನ್ನುವ ಪರೀಕ್ಷೆ ಮಾಡಿದೆ. ಬಟ್ಟಲಿನಂಥ ಪರದೆಯಲ್ಲಿ 54 ಜಾಗಗಳಲ್ಲಿ ಚುಕ್ಕೆ ಬೆಳಕು ಬರುತ್ತದೆ, ಕಂಡಾಗ ಗುಂಡಿ ಒತ್ತಬೇಕು. ಕಾಗದ ಹೊರಗೆ ಬಂದಾಗ ಬಲಗಣ್ಣಿನ ನಕ್ಷೆಯಲ್ಲಿ ನಡುವೆ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗಿತ್ತು. ಗೆರೆಯ ಬಲಕ್ಕೆ ಕಪ್ಪು, ಎಡಕ್ಕೆ ಬಿಳಿ. ಎಡಗಣ್ಣಿನದು ಅದರ ಕನ್ನಡಿ ಬಿಂಬ, ಆದರೆ ಅಂಚು ಅಷ್ಟು ನೇರ ಇಲ್ಲ, ಬಿಳಿ ಭಾಗದಲ್ಲೂ ಬೂದು ಕಲೆ.

ಈ ಕೆಲಸ ಮಾಡುವವರಿಗೆ ಒಂದು ಮಾತು. ರೋಗಿ ಕಣ್ಣು ಅಲ್ಲಾಡಿಸುತ್ತಿದ್ದಾರಾ ಅಂತ ತಿಳಿಯಲು ಯಂತ್ರ ಆಗಾಗ ಕುರುಡು ಚುಕ್ಕೆಯ ಮೇಲೆ, ಅಂದರೆ ಎಲ್ಲರ ಕಣ್ಣಿಗೂ ಏನೂ ಕಾಣದ ಒಂದು ಸಣ್ಣ ಜಾಗದ ಮೇಲೆ, ಬೆಳಕು ಹಾಕುತ್ತದೆ. ಅದು ಕಂಡರೆ ಕಣ್ಣು ಸರಿದಿದೆ ಅಂತ ಲೆಕ್ಕ. ಕುರುಡು ಚುಕ್ಕೆ ಇರುವುದು ಹೊರಗಡೆ ಸುಮಾರು 15 ಡಿಗ್ರಿಯಲ್ಲಿ. ಇವಳಿಗೆ ಆ ಕಡೆಯ ಅರ್ಧವೇ ಕಾಣುವುದಿಲ್ಲ! ಕಣ್ಣು ಸ್ವಲ್ಪ ಸರಿದರೂ ಆ ಬೆಳಕು ಕಾಣದು. ಯಂತ್ರ ಮಾತ್ರ "ನೋಟ ಸ್ಥಿರ, ತಪ್ಪು ಸೊನ್ನೆ" ಅಂತ ಸರ್ಟಿಫಿಕೇಟ್ ಕೊಡುತ್ತದೆ. ಹಾಗಾಗಿ ಪರೀಕ್ಷೆ ಮುಗಿಯುವವರೆಗೂ ಮಾನಿಟರ್‌ನಲ್ಲಿ ಅವಳ ಕಣ್ಣುಗುಡ್ಡೆ ನೋಡುತ್ತಾ ನಾನೇ ಕೂತೆ.

ಕಪ್ಪು ಬಿಳಿಯ ನಡುವಿನ ಆ ನೆಟ್ಟನೆಯ ಗೆರೆ ಬಹಳ ಮುಖ್ಯ. ಗ್ಲಾಕೋಮಾ ಅಥವಾ ಕಣ್ಣಿನ ಪರದೆಯ ರೋಗದಲ್ಲಿ ನಷ್ಟ ಹೀಗೆ ನಡುಗೆರೆಯನ್ನು ಗೌರವಿಸುವುದಿಲ್ಲ. ಗೆರೆ ಹುಟ್ಟುವುದು ಕಣ್ಣಿನ ಹಿಂದೆ, ಎರಡು ದೃಷ್ಟಿ ನರಗಳು ಕೂಡುವ ಕಯಾಸ್ಮದಲ್ಲಿ. ಪ್ರತಿ ಕಣ್ಣಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಎಳೆಗಳು ಅಲ್ಲಿ ಆಚೆ ಬದಿಗೆ ದಾಟುತ್ತವೆ. ಹೊರ ಅರ್ಧದ ಸುದ್ದಿ ಒಯ್ಯುವುದು ಈ ದಾಟುವ ಎಳೆಗಳೇ. ಕಯಾಸ್ಮದ ನಡುಭಾಗಕ್ಕೆ ಪೆಟ್ಟಾದರೆ ಎರಡೂ ಕಣ್ಣಿನ ಹೊರ ಅರ್ಧ ಹೋಗುತ್ತದೆ.

ನಮ್ಮ ಡಾಕ್ಟರ್ ಮೇಡಂ ಕಣ್ಣಿಗೆ ಡ್ರಾಪ್ಸ್ ಹಾಕಿ ಒಳಗೆ ನೋಡಿದರು. ಬಲಗಣ್ಣಿನ ಡಿಸ್ಕ್, ಅಂದರೆ ನರ ಹೊರಡುವ ಜಾಗ, ಆಕಾರದಲ್ಲಿ ಸರಿಯಾಗಿತ್ತು, ಅಡ್ಡ ಪಟ್ಟಿಯಂತೆ ಸ್ವಲ್ಪ ಬಿಳಿಚಿತ್ತು. ಎಡಗಣ್ಣಿನದು ನೋಡಿ ಮೇಡಂ ನನ್ನನ್ನು ಕರೆದರು. ಡಿಸ್ಕ್ ದೊಡ್ಡದು, ಆಲಿಕೆಯಂತೆ ಒಳಕ್ಕೆ ಇಳಿದಿದೆ. ನಡುವೆ ಬಿಳಿ ಕುಚ್ಚು. ಸುತ್ತ ಕಪ್ಪು ಬಳೆ. ರಕ್ತನಾಳಗಳು ಎಂದಿನಂತೆ ಕವಲೊಡೆಯದೆ ಗಾಡಿಚಕ್ರದ ಅರೆಕಾಲುಗಳ ಹಾಗೆ ನೇರ ಹೊರಗೆ ಹೊರಟಿವೆ. ಬೇಲಿಯ ಮೇಲೆ ಹಬ್ಬಿ ಬೆಳಗಿನ ಹೊತ್ತು ತುತ್ತೂರಿಯಂತೆ ಅರಳುವ ಹೂವಿದೆಯಲ್ಲ, ಥೇಟ್ ಅದೇ. ಅದಕ್ಕೇ ಇದಕ್ಕೆ ಮಾರ್ನಿಂಗ್ ಗ್ಲೋರಿ ಅಂತ ಹೆಸರು. ಕಿಂಡ್ಲರ್ ಎಂಬ ವೈದ್ಯ 1970ರಲ್ಲಿ ಇಟ್ಟದ್ದು. ಇದು ಹುಟ್ಟಿನಿಂದ ಬರುವ ದೋಷ, ಸಾಮಾನ್ಯವಾಗಿ ಒಂದೇ ಕಣ್ಣಿಗೆ.

24ರ ಹುಡುಗಿಗೆ ಎರಡೂ ಕಡೆ ಹೊರ ಅರ್ಧ ಹೋಗಿದೆ ಅಂದರೆ ಯಾರಾದರೂ ಮೊದಲು ಕಯಾಸ್ಮದ ಕೆಳಗಿರುವ ಹಾರ್ಮೋನ್ ಗ್ರಂಥಿ ಪಿಟ್ಯುಟರಿಯ ಗೆಡ್ಡೆಯನ್ನೇ ನೆನೆಯುತ್ತಾರೆ. ನಾನೂ ಅದನ್ನೇ ನೆನೆದೆ. ಮೇಡಂ ಮಾತ್ರ ಎಡಗಣ್ಣಿನ ಹೂವು ನೋಡಿದ ಮೇಲೆ ಹುಡುಗಿಯನ್ನು ಬೆಳಕಿಗೆ ಕೂರಿಸಿ ಮುಖ ನೋಡತೊಡಗಿದರು.

ಮುಖದ ಮೇಲಿನ ಗೆರೆ

ಮೇಲ್ತುಟಿಯಲ್ಲಿ ಹಳೆಯ ಹೊಲಿಗೆಯ ಗುರುತು. ಸೀಳುತುಟಿ, ಒಂದು ವರ್ಷದ ಮಗುವಿದ್ದಾಗ ಕ್ಯಾಂಪಿನಲ್ಲಿ ಆಪರೇಷನ್ ಆಗಿತ್ತು. ನಾನೂ ನೋಡಿದ್ದೆ, ನೋಡಿ ಬಿಟ್ಟಿದ್ದೆ. ಮೇಡಂ ಕೇಳಿದರು, "ಎಲ್ಲಿದೆ ನೋಡು ಗುರುತು?" ಸರಿಯಾಗಿ ನಡುವೆ ಇತ್ತು. ಸೀಳುತುಟಿ ಸಾಮಾನ್ಯವಾಗಿ ಮೂಗಿನ ಒಂದು ಹೊಳ್ಳೆಯ ಕೆಳಗೆ ಇರುತ್ತದೆ. ನಟ್ಟನಡುವೆ ಇದ್ದರೆ ಅದರ ಹಿಂದೆ ಮಿದುಳಿನ, ಬುರುಡೆಯ ನಡುಭಾಗವನ್ನೂ ನೋಡಬೇಕು.

ಆಮೇಲೆ ಕಣ್ಣುಗಳ ಅಂತರ. ಮೂಗಿನ ಬುಡ ಅಗಲ, ಕಣ್ಣು ದೂರ ದೂರ. ಹಳೇ ಕನ್ನಡಕದ ಚೀಟಿ ತೆಗೆದು ನೋಡಿದೆ. ಪಿ.ಡಿ. 72 ಅಂತ ಬರೆದಿತ್ತು. ಎರಡು ಕಣ್ಣುಪಾಪೆಗಳ ನಡುವಿನ ದೂರ ಅದು, ಹೆಂಗಸರಲ್ಲಿ ಸಾಧಾರಣವಾಗಿ 62ರ ಆಸುಪಾಸು. 142 ಸೆಂಟಿಮೀಟರ್ ಎತ್ತರದ ಪುಟ್ಟ ಹುಡುಗಿಗೆ 72! ಕನ್ನಡಕ ಮಾಡಿದವರು ಅಳೆದಿದ್ದಾರೆ, ಬರೆದಿದ್ದಾರೆ, ಗಾಜು ಕೂರಿಸಿದ್ದಾರೆ. ನಾನೂ ಅವತ್ತು ಬೆಳಿಗ್ಗೆ ಅದೇ ಅಂಕಿ ಅಳೆದು ಬರೆದಿದ್ದೆ.

ತಾಯಿಯನ್ನು ಒಳಗೆ ಕರೆದು ಕೂರಿಸಿ ಮೊದಲಿನಿಂದ ಕೇಳಿದೆವು. ಆಕೆ ಒಂದೊಂದಾಗಿ ಹೇಳುತ್ತಾ ಹೋದರು.

ಎಂಟನೇ ವಯಸ್ಸಿಗೆ ಮೆದುಳು ಜ್ವರ ಬಂದು ಹದಿನೈದು ದಿನ ಆಸ್ಪತ್ರೆಯಲ್ಲಿದ್ದಳು. ಚಿಕ್ಕಂದಿನಿಂದ ಬಾಯಲ್ಲೇ ಉಸಿರು, ರಾತ್ರಿ ಗೊರಕೆ. ಬಗ್ಗಿ ರಂಗೋಲಿ ಹಾಕುವಾಗ ಕೆಲವೊಮ್ಮೆ ಮೂಗಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಶೀತ ಅಂದುಕೊಂಡರು. ಹದಿಮೂರಕ್ಕೆ ಕಿವಿ ಮೂಗು ಗಂಟಲಿನ ಡಾಕ್ಟರೊಬ್ಬರು ಟಾರ್ಚ್ ಹಾಕಿ ನೋಡಿ "ಮೂಗಲ್ಲಿ ದುರ್ಮಾಂಸ ಬೆಳೆದಿದೆ, ತೆಗೀಬೇಕು" ಅಂದಿದ್ದರು. ಆಪರೇಷನ್ನಿಗೆ ದಿನಾಂಕವೂ ನಿಗದಿಯಾಗಿತ್ತು. "ಆಗ ಅಡಿಕೆ ಕೊಯ್ಲು ಸಾರ್, ಅವರಪ್ಪಂಗೆ ಬಿಡುವಿರಲಿಲ್ಲ. ಮುಂದಕ್ಕೆ ಹಾಕಿದ್ವಿ. ಆಮೇಲೆ ಮರೆತೇ ಹೋಯ್ತು." ಮುಟ್ಟು ಶುರುವಾಗಿದ್ದು ಹದಿನೇಳಕ್ಕೆ, ಅದೂ ವರ್ಷಕ್ಕೆ ಎರಡೋ ಮೂರೋ ಸಲ. ಪಿ.ಸಿ.ಒ.ಡಿ., ಅಂದರೆ ಅಂಡಾಶಯದ ತೊಂದರೆ, ಅಂತ ಹೇಳಿ ಮಾತ್ರೆ ಕೊಟ್ಟಿದ್ದರು. ಯಾವಾಗಲೂ ಸುಸ್ತು. ಥೈರಾಯ್ಡ್ ಟೆಸ್ಟ್ ಮಾಡಿಸಿದ್ದರು, ನಾರ್ಮಲ್.

ತುಟಿ ಒಬ್ಬರು ನೋಡಿದರು. ಮೂಗು ಒಬ್ಬರು. ಮುಟ್ಟು ಇನ್ನೊಬ್ಬರು. ಕಣ್ಣು ಕನ್ನಡಕದ ಅಂಗಡಿಯವರು. ಫೈಲುಗಳು ನಾಲ್ಕು, ಹುಡುಗಿ ಒಬ್ಬಳೇ. ಹಣೆಯ ನಡುವಿನಿಂದ ಗಲ್ಲದವರೆಗೆ ಒಂದು ಗೆರೆ ಎಳೆದುಕೊಳ್ಳಿ. ಮೂಗಿನ ಬುಡ, ಮೇಲ್ತುಟಿ, ಅಂಗುಳು, ಅದರ ಹಿಂದೆ ಪಿಟ್ಯುಟರಿ, ಅದರ ಮೇಲೆ ಕಯಾಸ್ಮ, ಎಲ್ಲವೂ ಆ ಗೆರೆಯ ಮೇಲೇ ಇವೆ. ಫೀಲ್ಡ್ ಕಾಗದದಲ್ಲಿ ಕಂಡ ನೆಟ್ಟನೆಯ ಗೆರೆಯೂ ಅದೇ. ಮೇಡಂ ರೆಫರಲ್ ಚೀಟಿಯಲ್ಲಿ ಬರೆದದ್ದು ಎರಡೇ ಸಾಲು, ಕೊನೆಗೆ ದಪ್ಪ ಅಕ್ಷರದಲ್ಲಿ ಒಂದು ಮಾತು: ಮೂಗಿನ ಗೆಡ್ಡೆಯನ್ನು ಸ್ಕ್ಯಾನ್ ಆಗುವವರೆಗೆ ಯಾರೂ ಮುಟ್ಟಬಾರದು.

ಬುರುಡೆಯ ತಳದ ತೂತು

ಎಂಆರ್‌ಐ ಬೆಂಗಳೂರಿನಲ್ಲಿ ಆಯಿತು. ತಲೆಯನ್ನು ನಡುವೆ ಸೀಳಿ ಪಕ್ಕದಿಂದ ನೋಡಿದಂಥ ಚಿತ್ರ ಒಂದಿರುತ್ತದೆ, ಅದೊಂದೇ ಸಾಕಿತ್ತು.

ಬುರುಡೆಯ ತಳದ ನಡುವೆ ಸ್ಫಿನಾಯ್ಡ್ ಅಂತ ಒಂದು ಮೂಳೆ ಇದೆ, ರೆಕ್ಕೆ ಬಿಚ್ಚಿದ ಬಾವಲಿಯ ಆಕಾರ. ಅದರ ಬೆನ್ನ ಮೇಲೆ ಕುದುರೆ ಜೀನಿನಂಥ ಗುಳಿ. ಆ ಗುಳಿಯಲ್ಲಿ ಪಿಟ್ಯುಟರಿ ಕೂತಿರುತ್ತದೆ, ಅದರ ಮೇಲೆ ಕಯಾಸ್ಮ. ಕೆಳಗೆ ಮೂಗಿನ ಹಿಂಭಾಗ. ಅಂದರೆ ಮಿದುಳಿಗೂ ಮೂಗಿಗೂ ನಡುವಿನ ಅಟ್ಟ ಈ ಮೂಳೆ. ಗರ್ಭದ ಮೊದಲ ಮೂರು ತಿಂಗಳಲ್ಲಿ ಮೃದ್ವಸ್ಥಿಯ ತುಂಡುಗಳು ಸೇರಿ ಈ ಅಟ್ಟದ ಅಚ್ಚು ಆಗುತ್ತದೆ, ಆಮೇಲೆ ಮೂಳೆಯಾಗುತ್ತದೆ. ಇವಳಲ್ಲಿ ಅಟ್ಟದ ನಡುವಿನ ಹಲಗೆ ಕೂಡಿಕೊಂಡಿರಲಿಲ್ಲ. ಒಂದೂವರೆ ಸೆಂಟಿಮೀಟರ್ ಅಗಲದ ತೂತು. ಸಿ.ಟಿ.ಯಲ್ಲಿ ಅದರ ಅಂಚು ನದಿಯ ಕಲ್ಲಿನಂತೆ ನುಣುಪಾಗಿತ್ತು. ಗೆಡ್ಡೆ ಕೊರೆದ ತೂತಿನ ಅಂಚು ಹಾಗಿರುವುದಿಲ್ಲ. ಇದು ಹುಟ್ಟಿನಿಂದ ಹಾಗೇ ಇದ್ದದ್ದು.

ಆ ತೂತಿನಿಂದ ಮಿದುಳಿನ ಹೊದಿಕೆ ಚೀಲದಂತೆ ಕೆಳಗೆ ಜಾರಿ ಮೂಗಿನ ಹಿಂಭಾಗಕ್ಕೆ ಇಳಿದಿತ್ತು. ಟ್ರಾನ್ಸ್‌ಸ್ಫಿನಾಯ್ಡಲ್ ಎನ್‌ಸೆಫಲೋಸೀಲ್ ಅನ್ನುತ್ತಾರೆ. ಸುಮಾರು 7 ಲಕ್ಷ ಹೆರಿಗೆಗೆ ಒಂದು ಅಂತ ವೈದ್ಯಕೀಯ ಬರಹಗಳಲ್ಲಿ ಸಾಮಾನ್ಯವಾಗಿ ಕೊಡುವ ಲೆಕ್ಕ. ಹದಿಮೂರನೇ ವಯಸ್ಸಿನಲ್ಲಿ ಟಾರ್ಚಿಗೆ ಕಂಡ ದುರ್ಮಾಂಸ ಈ ಚೀಲ. ಚೀಲದೊಳಗೆ ಮಿದುಳಿನ ನೀರು. ಚೀಲದ ಹಿಂಗೋಡೆಗೆ ಪಿಟ್ಯುಟರಿ ತೆಳ್ಳಗೆ ಅಂಟಿಕೊಂಡಿತ್ತು. ಕಯಾಸ್ಮ ತನ್ನ ಜಾಗದಲ್ಲಿರಲಿಲ್ಲ, ಬಾವಿಗೆ ಬಿಟ್ಟ ಹಗ್ಗದಂತೆ ತೂತಿನೊಳಗೆ ಜಗ್ಗಿತ್ತು. ದಾಟುವ ಎಳೆಗಳೇ ಜಗ್ಗಿದ ಜಾಗದಲ್ಲಿದ್ದವು. ಬಲ ಮಿದುಳು ಎಡ ಮಿದುಳುಗಳ ನಡುವಿನ ಸೇತುವೆ ಕಾರ್ಪಸ್ ಕಲೋಸಮ್ ಕೂಡ ಅರೆಬರೆ. ಈ ದೋಷದಲ್ಲಿ ಅದೂ ಜೊತೆಗೇ ಬರುವುದುಂಟು. ಮಾರ್ನಿಂಗ್ ಗ್ಲೋರಿ ಇದ್ದವರಲ್ಲಿ ಕೆಲವರಿಗೆ ಮಿದುಳಿನ ರಕ್ತನಾಳ ಕಿರಿದಾಗುವ ಮೋಯಮೋಯಾ ರೋಗವೂ ಇರುತ್ತದೆ. ಅದನ್ನೂ ನೋಡಿದರು. ಇರಲಿಲ್ಲ.

ಬಲಗಣ್ಣಿನ ನಷ್ಟ ಪೂರ್ತಿ ಕಯಾಸ್ಮದ ಲೆಕ್ಕಕ್ಕೆ ಹೋಗುತ್ತದೆ, ಡಿಸ್ಕ್ ಆಕಾರ ಸರಿ ಇದೆ, ಗೆರೆ ನೇರ ಇದೆ. ಎಡಗಣ್ಣಿನಲ್ಲಿ ಕಯಾಸ್ಮದ ನಷ್ಟ, ಡಿಸ್ಕಿನ ದೋಷ ಎರಡೂ ಸೇರಿವೆ, ಅಂಚು ಚದುರಿದ್ದು ಅದಕ್ಕೇ.

ಆ ದುರ್ಮಾಂಸವನ್ನು ಹದಿಮೂರರಲ್ಲಿ ಕತ್ತರಿಸಿದ್ದರೆ? ಮಿದುಳಿನ ನೀರು ಸೋರಿ ಮತ್ತೆ ಮೆದುಳು ಜ್ವರ, ಪಿಟ್ಯುಟರಿ ನಷ್ಟ, ಇದ್ದ ಅರ್ಧ ದೃಷ್ಟಿಯೂ ಹೋಗುವುದು, ಪ್ರಾಣಕ್ಕೇ ಕುತ್ತು, ಯಾವುದೂ ಆಗಬಹುದಿತ್ತು. ಅಡಿಕೆ ಕೊಯ್ಲು ಕಾಪಾಡಿತು ಅಂತ ತಾಯಿ ಈಗಲೂ ಹೇಳುತ್ತಾರೆ. ಆ ಡಾಕ್ಟರನ್ನು ಬೈಯುವುದು ಸುಲಭ. ಟಾರ್ಚಿನಲ್ಲಿ ದುರ್ಮಾಂಸ, ಇಂಥ ಚೀಲ ಎರಡೂ ಒಂದೇ ಥರ ಕಾಣುತ್ತವೆ. ಆದರೆ ಮಕ್ಕಳ ಮೂಗಿನಲ್ಲಿ ನಡುವಿಗೆ ಗಂಟು ಕಂಡರೆ, ಅದರ ಜೊತೆ ನಡುತುಟಿಯ ಸೀಳಿದ್ದರೆ, ಸ್ಕ್ಯಾನ್ ಇಲ್ಲದೆ ಕೈ ಹಾಕಬಾರದು ಅನ್ನುವುದು ಹಳೆಯ ಪಾಠವೇ. ಬೆಂಗಳೂರಿನಲ್ಲಿ ಎಂಡೋಸ್ಕೋಪ್ ಹಾಕಿ ದೂರದಿಂದ ನೋಡಿದರು. ನುಣುಪಾದ ನೀಲಿಛಾಯೆಯ ಚೀಲ, ನಾಡಿಯ ಜೊತೆ ಮಿಡಿಯುತ್ತಿತ್ತು. ಉಸಿರು ಬಿಗಿಹಿಡಿದು ಮುಕ್ಕಿದಾಗ ಉಬ್ಬಿತು. ದುರ್ಮಾಂಸ ಮಿಡಿಯುವುದಿಲ್ಲ.

ಆಪರೇಷನ್ ಯಾಕೆ ಬೇಡ ಅಂದರು

ಮನೆಯವರಿಗೆ ಅರಗದೇ ಹೋದದ್ದು ಇದು. ತೂತಿದೆ ಅಂದಮೇಲೆ ಮುಚ್ಚಬೇಕು ಅಲ್ವಾ? ಚೀಲ ಇದೆ ಅಂದಮೇಲೆ ತೆಗೆಯಬೇಕು ಅಲ್ವಾ? ಹುಡುಗಿಯ ಮಾವ ಒಬ್ಬರು ದುಡ್ಡಿಗೆ ಯೋಚನೆ ಮಾಡಬೇಡಿ ಅಂತ ನನ್ನ ಹತ್ತಿರವೇ ಬಂದು ವಾದ ಮಾಡಿದರು.

ನರಶಸ್ತ್ರಚಿಕಿತ್ಸಕರು ಹೇಳಿದ್ದು ಹೀಗೆ. ಆ ಚೀಲದೊಳಗೆ ಇರುವುದು ಬೇಡದ ಮಾಂಸ ಅಲ್ಲ. ಹಾರ್ಮೋನ್ ನಡೆಸುವ ಗ್ರಂಥಿ, ಅದರ ಕಾಂಡ, ನೋಟ ಒಯ್ಯುವ ನರ, ಎಲ್ಲ ಅದರ ಗೋಡೆಗೇ ಹೆಣೆದುಕೊಂಡಿವೆ. ಮೇಲಕ್ಕೆ ತಳ್ಳಿ ತೂತು ಮುಚ್ಚಲು ಹೋದರೆ ಈಗ ಕೆಲಸ ಮಾಡುತ್ತಿರುವುದೂ ನಿಲ್ಲಬಹುದು. ನೀರು ಸೋರುತ್ತಿದ್ದರೆ, ಮೆದುಳು ಜ್ವರ ಮರುಕಳಿಸಿದರೆ, ಉಸಿರು ಕಟ್ಟಿದರೆ, ದೃಷ್ಟಿ ದಿನೇ ದಿನೇ ಇಳಿಯುತ್ತಿದ್ದರೆ ಆಗ ಮೂಗಿನ ಮೂಲಕ ಎಂಡೋಸ್ಕೋಪ್‌ನಿಂದಲೋ ಅಂಗುಳಿನ ಮೂಲಕವೋ ಮಾಡಲೇಬೇಕು. ಮೂಗಿನ ನೀರಿನ ಮಾದರಿಯಲ್ಲಿ ಬೀಟಾ-2 ಟ್ರಾನ್ಸ್‌ಫೆರಿನ್ ನೋಡಿದರು. ಮಿದುಳಿನ ನೀರಿದ್ದರೆ ಮಾತ್ರ ಸಿಗುವ ಪ್ರೋಟೀನ್ ಅಂತಲೇ ಇಟ್ಟುಕೊಳ್ಳಬಹುದು. ಬರಲಿಲ್ಲ. ಸದ್ಯಕ್ಕೆ ಸೋರಿಕೆ ಇಲ್ಲ.

ಉಳಿದದ್ದು ಒಂದೇ ಪ್ರಶ್ನೆ. ದೃಷ್ಟಿ ಇಳಿಯುತ್ತಿದೆಯಾ, ಇಲ್ಲ ಮೊದಲಿನಿಂದ ಇಷ್ಟೇನಾ? ಹುಟ್ಟಿನಿಂದ ಇಲ್ಲದ ಅರ್ಧ ಆಪರೇಷನ್ನಿನಿಂದ ಬರುವುದಿಲ್ಲ. ಈಗ ಇಳಿಯುತ್ತಿದ್ದರೆ ಮಾತ್ರ ಕತ್ತಿಗೆ ಅರ್ಥ. ಇದನ್ನು ಸ್ಕ್ಯಾನ್ ಹೇಳುವುದಿಲ್ಲ. ಹೇಳಬೇಕಾದ್ದು ನಮ್ಮ ಫೀಲ್ಡ್ ಕಾಗದ. ಹೀಗೆ ಬೆಂಗಳೂರಿನ ದೊಡ್ಡ ಆಸ್ಪತ್ರೆಯ ನಿರ್ಧಾರ ತಾಲ್ಲೂಕು ಕ್ಲಿನಿಕ್ಕಿನ ಯಂತ್ರಕ್ಕೆ ಬಂದು ಕೂತಿತು. ಮೂರು ತಿಂಗಳಿಗೆ, ಆರು ತಿಂಗಳಿಗೆ, ವರ್ಷಕ್ಕೆ ಅಂತ ಕರೆದೆವು. ಒಂದೇ ಯಂತ್ರ, ಒಂದೇ ಪ್ರೋಗ್ರಾಂ, ಬೆಳಗಿನ ಹೊತ್ತು, ಮಾನಿಟರ್ ಮುಂದೆ ನಾನೇ. ಜೊತೆಗೆ ಒ.ಸಿ.ಟಿ. ಅನ್ನುವ ಕಣ್ಣಿನ ಸ್ಕ್ಯಾನಿನಲ್ಲಿ ನರದ ಪದರದ ದಪ್ಪ.

ಹಾರ್ಮೋನಿನ ಕಥೆ ಬೇರೆಯೇ ದಿಕ್ಕು ಹಿಡಿಯಿತು. ಹುಡುಗಿಗೆ ಪಿ.ಸಿ.ಒ.ಡಿ. ಇರಲಿಲ್ಲ, ಪಿಟ್ಯುಟರಿ ಸೋತಿತ್ತು. ಕಾಯಿಲೆ, ಒತ್ತಡ ತಾಳಲು ದೇಹಕ್ಕೆ ಬೇಕಾದ ಹಾರ್ಮೋನ್ ಕಾರ್ಟಿಸಾಲ್ ಬೆಳಿಗ್ಗೆ ನೋಡಿದಾಗ ಕಡಿಮೆ. ಎತ್ತರ ಯಾಕೆ ನಿಂತಿತು ಅನ್ನುವುದಕ್ಕೂ ಉತ್ತರ ಸಿಕ್ಕಿತು. ಥೈರಾಯ್ಡ್ ನಾರ್ಮಲ್ ಅಂದದ್ದು ಹೇಗೆ ಅಂದರೆ, ಹಿಂದೆ ಟಿ.ಎಸ್.ಎಚ್. ಮಾತ್ರ ನೋಡಿದ್ದರು. ಅದು ಪಿಟ್ಯುಟರಿಯೇ ಕಳಿಸುವ ಆರ್ಡರ್. ಥೈರಾಯ್ಡ್ ಕಡಿಮೆಯಾದರೆ ಆರ್ಡರ್ ಏರಬೇಕು. ಆರ್ಡರ್ ಬರೆಯುವವನೇ ಮಲಗಿದ್ದರೆ ಚೀಟಿಯಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ. ಥೈರಾಯ್ಡ್ ಗ್ರಂಥಿಯದೇ ಹಾರ್ಮೋನ್ ಟಿ-4 ನೋಡಿದಾಗ ಕಡಿಮೆ ಇತ್ತು. ಮೊದಲು ಕಾರ್ಟಿಸಾಲ್ ಬದಲಿಗೆ ಹೈಡ್ರೋಕಾರ್ಟಿಸೋನ್ ಮಾತ್ರೆ, ಆಮೇಲೆ ಥೈರಾಯ್ಡಿಗೆ ಥೈರಾಕ್ಸಿನ್. ಈ ಕ್ರಮ ತಪ್ಪಿದರೆ ಅಪಾಯ, ಕಾರ್ಟಿಸಾಲ್ ಇಲ್ಲದ ದೇಹಕ್ಕೆ ಥೈರಾಕ್ಸಿನ್ ಕೊಟ್ಟರೆ ಕುಸಿದುಬೀಳಬಹುದು. ಕಾರ್ಟಿಸಾಲ್ ಶುರುವಾದ ಮೇಲೆ ಕೆಲವರಲ್ಲಿ ಅಡಗಿದ್ದ ಅತಿಮೂತ್ರ ಹೊರಗೆ ಬರುತ್ತದೆ ಅಂತ ಒಂದು ವಾರ ಕುಡಿದ ನೀರು, ಹೋದ ಮೂತ್ರ ಅಳೆಸಿದರು. ಬರಲಿಲ್ಲ. ಮುಟ್ಟಿನ ಹಾರ್ಮೋನ್ ಆಮೇಲೆ ಸೇರಿಸಿದರು. ಜ್ವರ ಬಂದರೆ ಹೈಡ್ರೋಕಾರ್ಟಿಸೋನ್ ಎರಡರಷ್ಟು ಅಂತ ಒಂದು ಕಾರ್ಡ್ ಬರೆದು ಕೊಟ್ಟಿದ್ದಾರೆ. ಅದು ಅವಳ ಮಣಿ ಡಬ್ಬಿಯಲ್ಲೇ ಇರುತ್ತದೆ.

ಅದೇ ಕಾರ್ಡಿನ ಹಿಂದೆ ಇನ್ನೊಂದು ಸಾಲು: ಮೂಗಿನಲ್ಲಿ ನಳಿಕೆ ಹಾಕಬಾರದು, ಮೂಗಿನ ಸ್ವಾಬ್ ಬೇಡ. ಇದು ಅತಿಯಾಯಿತು ಅನ್ನಿಸಬಹುದು. 2020ರಲ್ಲಿ ಅಮೆರಿಕದಲ್ಲಿ ಒಬ್ಬ ಮಹಿಳೆಗೆ ಕೋವಿಡ್ ಟೆಸ್ಟಿನ ಮೂಗಿನ ಸ್ವಾಬ್ ಆದ ಮೇಲೆ ಮಿದುಳಿನ ನೀರು ಸೋರತೊಡಗಿ, ನೋಡಿದರೆ ಯಾರಿಗೂ ಗೊತ್ತಿಲ್ಲದ ಎನ್‌ಸೆಫಲೋಸೀಲ್ ಇತ್ತು ಅಂತ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿತ್ತು. ಅಲ್ಲಿ ತೂತು ಬೇರೆ ಮೂಳೆಯಲ್ಲಿತ್ತು, ಪಾಠ ಒಂದೇ. ಪಕ್ಕದ ಮನೆಯವರು ಮೂಗು ಕಟ್ಟುವುದಕ್ಕೆ ಜಲನೇತಿ ಹೇಳಿಕೊಟ್ಟಿದ್ದರಂತೆ, ಅದನ್ನೂ ನಿಲ್ಲಿಸಿದರು. ಮೆದುಳು ಜ್ವರ ತಡೆಯಲು ನ್ಯುಮೋಕಾಕಸ್ ಲಸಿಕೆ ಹಾಕಿಸಿದರು. ಎಡಗಣ್ಣಿನ ಪರದೆ ಕಳಚುವ ಸಂಭವ ಇರುವುದರಿಂದ, ಮಂಜು ಜಾಸ್ತಿಯಾದರೆ ಅವತ್ತೇ ಬಾ ಅಂತ ಹೇಳಿದ್ದೇವೆ.

ಕನ್ನಡಕದವನಾಗಿ ನಾನು ಮಾಡಿದ್ದು ತೀರಾ ಸಣ್ಣದು. ಪ್ಲಸ್ 1 ತೆಗೆಸಿದೆ. ಸೂಜಿ ಪೋಣಿಸುವಾಗ ಎಡಗಣ್ಣು ಮುಚ್ಚು ಅಂದೆ. ಬಲಗಣ್ಣಿಗೆ ಎಡ ಅರ್ಧ ಮಾತ್ರ ಕಾಣುವುದರಿಂದ ದಾರ ಎಡಗಡೆಯಿಂದ ಬರಬೇಕು. ಸಾಮಾನ್ಯವಾಗಿ ಎಡಗೈಯಲ್ಲಿ ಸೂಜಿ, ಬಲಗೈಯಲ್ಲಿ ದಾರ ಹಿಡಿಯುತ್ತಾರೆ. ಇವಳು ಬದಲಾಯಿಸಬೇಕು. ಬಲಗೈಯಲ್ಲಿ ಸೂಜಿ, ಎಡಗೈಯಲ್ಲಿ ದಾರ. ನನ್ನ ಟೇಬಲ್ಲಿನ ಮೇಲೆ ಕಪ್ಪು ಬಟ್ಟೆ ಹಾಸಿ ಅರ್ಧ ಗಂಟೆ ಒದ್ದಾಡಿದಳು. ಏಳನೇ ಸಲ ದಾರ ಒಳಗೆ ಹೋಯಿತು. ಹೋದದ್ದು ನೋಡಿ ಸೂಜಿಯನ್ನೇ ಕೆಳಗೆ ಬೀಳಿಸಿದಳು, ಅದನ್ನು ಹುಡುಕಲು ನಾವು ಮೂರು ಜನ ನೆಲಕ್ಕೆ ಬಗ್ಗಿದೆವು.

ಸ್ಕೂಟಿಯ ವಿಷಯದಲ್ಲಿ ಜಗಳವಾಯಿತು. ಲೈಸೆನ್ಸಿಗೆ ಅಕ್ಷರ ಓದಿಸಿದರೆ ಇವಳು ಪಾಸು. ಪಕ್ಕದಿಂದ ಬರುವ ಬೈಕ್ ಮಾತ್ರ ಕಾಣದು. ಬೇಡ ಅಂದೆ. ಮುಖ ಊದಿಸಿಕೊಂಡಳು.

ಹೋದ ತಿಂಗಳು ವರ್ಷದ ಪರೀಕ್ಷೆ ಮುಗಿಯಿತು. ನಾಲ್ಕು ಕಾಗದಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದರ ಮೇಲೊಂದು ಇಟ್ಟು ನೋಡಿದೆ. ಬಲಗಣ್ಣಿನ ಗೆರೆ ಇದ್ದಲ್ಲೇ ಇದೆ. ಎಡಗಣ್ಣಿನ ಎರಡು ಬೂದು ಚುಕ್ಕೆ ಹೆಚ್ಚೂ ಕಡಿಮೆ ಆಗುತ್ತವೆ, ಅಷ್ಟು ಏರುಪೇರು ಯಾರಲ್ಲೂ ಇರುತ್ತದೆ. ಒ.ಸಿ.ಟಿ. ಹಾಗೇ ಇದೆ. ಬೆಂಗಳೂರಿಗೆ ಫೋಟೊ ಕಳಿಸಿದೆ. ಆಪರೇಷನ್ ಬೇಡ, ಮುಂದಿನ ವರ್ಷ ಇನ್ನೊಂದು ಎಂಆರ್‌ಐ ಅಂತ ಉತ್ತರ ಬಂತು.

ತಾಯಿ ಹೊರಡುವಾಗ ಬಾಗಿಲ ಹತ್ತಿರ ನಿಂತು ಕೇಳಿದರು, "ಸಾರ್, ಸಂಬಂಧ ಬಂದ್ರೆ ಅವರಿಗೆ ಏನು ಹೇಳೋದು?" ಮುಂದಿನ ಸಲ ಹಾರ್ಮೋನ್ ಡಾಕ್ಟರ ಹತ್ತಿರ ಹೋದಾಗ ಇದನ್ನೇ ಮೊದಲು ಕೇಳಿ ಅಂತ ಚೀಟಿಯಲ್ಲಿ ಬರೆದುಕೊಟ್ಟೆ. ಹುಡುಗಿ ಆಗಲೇ ಹೊರಗೆ ಹೋಗಿ ತಮ್ಮನ ಬೈಕಿನ ಹಿಂದೆ ಕೂತು, ತಡವಾಯ್ತು ಬಾರಮ್ಮ, ಮದುವಣಗಿತ್ತಿ ಬ್ಲೌಸ್ ಇವತ್ತೇ ಕೊಡಬೇಕು ಅಂತ ಕೂಗುತ್ತಿದ್ದಳು.